ಬಿಸಿಯಾದ ಭೂಮಿಗೆ ಯುರೋಪ್ ಹೇಗೆ ಹೊಂದಿಕೊಳ್ಳುತ್ತಿದೆ?

2024ರ ಅಕ್ಟೋಬರ್ 29, ಮಂಗಳವಾರ. ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತ್ಯ. ಬೆಳಗ್ಗೆ ಎಂಟು ಗಂಟೆಗೂ ಮುಂಚೆಯೇ ಅಲ್ಲಿನ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತ್ತು. ಬೆಟ್ಟದ ಕಡೆಯ ತುರೀಸ್ ಅನ್ನೋ ಊರಲ್ಲಿ ಅವತ್ತು ಒಂದೇ ಗಂಟೆಯಲ್ಲಿ 184.6 ಮಿ.ಮೀ. ಮಳೆ ಸುರಿಯಿತು. ಇಡೀ ದಿನದ ಲೆಕ್ಕ 770 ಮಿ.ಮೀ. ದಾಟಿತು. ಜನರ ಮೊಬೈಲುಗಳಿಗೆ ಸರ್ಕಾರದ ಎಚ್ಚರಿಕೆ ಸಂದೇಶ ಬಂದದ್ದು ಮಾತ್ರ ರಾತ್ರಿ ಎಂಟು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಎಷ್ಟೋ ಊರುಗಳ ಬೀದಿಗಳಲ್ಲಿ ಕಾರುಗಳು ತೇಲುತ್ತಿದ್ದವು, ನೆಲಮಹಡಿಗಳು ಮುಳುಗಿದ್ದವು. ಸತ್ತವರು 220ಕ್ಕೂ ಹೆಚ್ಚು.

ಈ ಸುದ್ದಿ ಓದಿದಾಗ ನಮ್ಮಲ್ಲಿ ಹಲವರಿಗೆ ಬಂದ ಪ್ರಶ್ನೆ ಒಂದೇ. ಉಪಗ್ರಹ ಇದೆ, ಸೂಪರ್ ಕಂಪ್ಯೂಟರ್ ಇದೆ, ದುಡ್ಡಿದೆ, ಕಾನೂನಿದೆ. ಆದರೂ ಯುರೋಪಿನಲ್ಲಿ ಹೀಗಾಗೋದು ಹೇಗೆ? ಉತ್ತರ ಹುಡುಕುತ್ತಾ ಹೋದರೆ ಸಿಗೋದು ಇಪ್ಪತ್ತು ವರ್ಷಗಳಿಂದ ಕಟ್ಟುತ್ತಾ ಬಂದಿರುವ, ಇನ್ನೂ ಮುಗಿಯದ ಒಂದು ಕೆಲಸ: ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ನೀತಿ. ಅದು ಹೇಗೆ ಬೆಳೆಯಿತು, ಎಲ್ಲಿ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಅಂತ ಈ ಲೇಖನದಲ್ಲಿ ನೋಡೋಣ.

ಎರಡು ಕೆಲಸ, ಒಂದಕ್ಕೆ ಮಾತ್ರ ಅಳತೆಗೋಲು

ಹವಾಮಾನ ಬದಲಾವಣೆ ಅಂದ ಕೂಡಲೇ ನಮಗೆ ನೆನಪಾಗೋದು ಸೋಲಾರ್ ಪ್ಯಾನಲ್, ಎಲೆಕ್ಟ್ರಿಕ್ ಗಾಡಿ, ಇಂಗಾಲದ ಹೊಗೆ. ಇದೆಲ್ಲ ಕಾರಣವನ್ನು ತಗ್ಗಿಸುವ ಕೆಲಸ. ಇನ್ನೊಂದು ಕೆಲಸ, ಈಗಾಗಲೇ ಬಂದುಬಿಟ್ಟಿರುವ ಬಿಸಿ, ಮಳೆ, ಬರ, ಸಮುದ್ರದ ಏರಿಕೆ ಇವುಗಳ ಜೊತೆ ಬದುಕುವುದಕ್ಕೆ ಊರು, ಸೇತುವೆ, ಆಸ್ಪತ್ರೆ, ಹೊಲಗಳನ್ನು ಸಜ್ಜು ಮಾಡೋದು. ಇದನ್ನೇ ಹೊಂದಾಣಿಕೆ ಅಂತೀವಿ. ಇವತ್ತು ಹೊಗೆ ಪೂರ್ತಿ ನಿಂತರೂ ಮುಂದಿನ ಕೆಲವು ದಶಕಗಳ ಹೊಂದಾಣಿಕೆ ತಪ್ಪೋದಿಲ್ಲ.

ಇವೆರಡರ ನಡುವೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಕ್ಷಣ ಹಿಡಿಯಬಹುದಾದ ವ್ಯತ್ಯಾಸ ಒಂದಿದೆ. ತಗ್ಗಿಸುವ ಕೆಲಸಕ್ಕೆ ಒಂದು ಯೂನಿಟ್ ಇದೆ, ಟನ್. ಬರ್ಲಿನ್‌ನಲ್ಲಿ ಉಳಿಸಿದ ಒಂದು ಟನ್ ಇಂಗಾಲವೂ ಲಿಸ್ಬನ್‌ನಲ್ಲಿ ಉಳಿಸಿದ ಒಂದು ಟನ್ನೂ ಒಂದೇ. ಹಾಗಾಗಿಯೇ ಐರೋಪ್ಯ ಒಕ್ಕೂಟ 1990ಕ್ಕೆ ಹೋಲಿಸಿ 2030ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಕನಿಷ್ಠ 55% ಇಳಿಸಬೇಕು, 2050ಕ್ಕೆ ಸೊನ್ನೆಗೆ ತರಬೇಕು ಅಂತ ಕಾನೂನಿನಲ್ಲೇ ಬರೆದುಬಿಟ್ಟಿದೆ.

ಹೊಂದಾಣಿಕೆಗೆ ಅಂಥ ಯೂನಿಟ್ ಇಲ್ಲ. ಗ್ರೀಸಿನಲ್ಲಿ ಕಾಡ್ಗಿಚ್ಚು ತಡೆಯೋದನ್ನೂ ಡೆನ್ಮಾರ್ಕಿನಲ್ಲಿ ಚರಂಡಿ ಅಗಲ ಮಾಡೋದನ್ನೂ ಯಾವ ತಕ್ಕಡಿಯಲ್ಲಿ ತೂಗೋದು? ಅಳೆಯೋಕೆ ಬರದೇ ಇರೋದನ್ನು ಕಾನೂನಿನಲ್ಲಿ ಬರೆಯೋದು ಕಷ್ಟ, ಬಜೆಟ್ಟಿನಲ್ಲಿ ಕೇಳೋದು ಇನ್ನೂ ಕಷ್ಟ. ಯುರೋಪಿನ ನೀತಿ ಎಡವಿದ ಹಲವು ಕಡೆ ಈ ತೊಡಕು ಕಾಣುತ್ತದೆ.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು

ಕೋಟೆ ಸೂರೆಯಾದ ಮೇಲೆ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ, ಯುರೋಪಿನ ಶುರುವೂ ಹಾಗೆಯೇ ಆಯಿತು. 2002ರ ಆಗಸ್ಟಿನಲ್ಲಿ ಎಲ್ಬೆ ಮತ್ತು ಡ್ಯಾನ್ಯೂಬ್ ನದಿಗಳು ಉಕ್ಕಿ ಹರಿದವು. ಅದೇ ವರ್ಷ ವಿಪತ್ತು ಬಿದ್ದ ದೇಶಗಳಿಗೆ ನೆರವಾಗಲು ಒಕ್ಕೂಟದ ಸಾಲಿಡಾರಿಟಿ ಫಂಡ್ ಹುಟ್ಟಿತು. ಮುಂದಿನ ವರ್ಷ, 2003ರ ಬೇಸಿಗೆಯಲ್ಲಿ ಬಿಸಿಗಾಳಿ ಬಂತು. ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ, ಇಡೀ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ತೀರಿಕೊಂಡರು ಅನ್ನೋದು ನಂತರ ಮಾಡಿದ ಲೆಕ್ಕ. ಸತ್ತವರಲ್ಲಿ ಬಹುಪಾಲು ವಯಸ್ಸಾದವರು, ಅದರಲ್ಲೂ ಒಂಟಿಯಾಗಿದ್ದವರು. ಚಳಿಗೆಂದು ಕಟ್ಟಿದ ಮನೆಗಳು ಆ ಬಿಸಿಯನ್ನು ಹೊರಗೆ ಬಿಡಲೇ ಇಲ್ಲ.

ಆಮೇಲೆ ಒಂದೊಂದೇ ಹೆಜ್ಜೆ. 2007ರಲ್ಲಿ ಪ್ರವಾಹ ನಿರ್ದೇಶನ ಜಾರಿಗೆ ಬಂತು. ಅದರ ಪ್ರಕಾರ ಪ್ರತಿ ಸದಸ್ಯ ದೇಶವೂ ಎಲ್ಲೆಲ್ಲಿ ಪ್ರವಾಹದ ಅಪಾಯವಿದೆ ಅಂತ ಗುರುತಿಸಬೇಕು, ನಕ್ಷೆ ಮಾಡಬೇಕು, ಯೋಜನೆ ಬರೆಯಬೇಕು, ಆರು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ನೋಡಬೇಕು. ಅದರಲ್ಲಿ ನಮಗೆ ತುಂಬಾ ಹಿಡಿಸಿದ ಕಲಮೊಂದಿದೆ: ನೆರೆಯ ದೇಶ ಒಪ್ಪದೇ ಇದ್ದರೆ, ನದಿಯ ಮೇಲ್ದಂಡೆಯಲ್ಲೋ ಕೆಳದಂಡೆಯಲ್ಲೋ ಇರುವ ಆ ದೇಶಕ್ಕೆ ಪ್ರವಾಹದ ಅಪಾಯವನ್ನು ಗಣನೀಯವಾಗಿ ಹೆಚ್ಚಿಸುವಂಥ ಕಾಮಗಾರಿಯನ್ನು ಮಾಡುವಂತಿಲ್ಲ. ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟಿಕೊಂಡು ಹರಿಯುವ ನದಿ. ಒಬ್ಬರು ಒಡ್ಡು ಎತ್ತರಿಸಿದರೆ ಆ ನೀರು ಇನ್ನೊಬ್ಬರ ಮನೆಗೆ ಹೋಗುತ್ತೆ. ನದಿ ಹಂಚಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2009ರಲ್ಲಿ ಐರೋಪ್ಯ ಆಯೋಗ ಹೊಂದಾಣಿಕೆ ಬಗ್ಗೆ ಶ್ವೇತಪತ್ರ ತಂದಿತು. 2012ರಲ್ಲಿ ಮಾಹಿತಿ ಹಂಚಿಕೊಳ್ಳಲು ಕ್ಲೈಮೇಟ್-ಅಡಾಪ್ಟ್ ವೇದಿಕೆ, 2013ರಲ್ಲಿ ಮೊದಲ ಹೊಂದಾಣಿಕೆ ಕಾರ್ಯತಂತ್ರ ಬಂದವು. ಈ ಹಂತದವರೆಗೂ ಭಾಷೆ ಸಲಹೆಯದ್ದು: ‘ಯೋಜನೆ ಮಾಡಿಕೊಳ್ಳಿ, ಒಳ್ಳೆಯದು’ ಅನ್ನೋ ಥರ. 2021ರಲ್ಲಿ ಹೊಸ ಕಾರ್ಯತಂತ್ರ ಬಂತು. ಅದೇ ವರ್ಷದ ಐರೋಪ್ಯ ಹವಾಮಾನ ಕಾನೂನಿನ ಐದನೇ ಕಲಮು, ಸದಸ್ಯ ದೇಶಗಳು ಹೊಂದಾಣಿಕೆ ಯೋಜನೆ ಮಾಡಲೇಬೇಕು, ಜಾರಿಗೆ ತರಲೇಬೇಕು, ನಿರಂತರ ಪ್ರಗತಿ ತೋರಿಸಬೇಕು ಅಂದಿತು. ‘ಮಾಡಿದರೆ ಒಳ್ಳೆಯದು’ ಅನ್ನೋದು ‘ಮಾಡಬೇಕು’ ಆಗುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಆದರೆ ಎಷ್ಟು ಪ್ರಗತಿ? ಅದನ್ನು ಕಾನೂನು ಹೇಳುವುದಿಲ್ಲ. ಹೇಳೋಕೆ ಯೂನಿಟ್ ಇಲ್ಲವಲ್ಲ! ಜೊತೆಗೆ ಭೂಬಳಕೆ, ಕಟ್ಟಡ ಪರವಾನಗಿ, ಅಗ್ನಿಶಾಮಕ ದಳ, ಆಸ್ಪತ್ರೆ ಇವೆಲ್ಲ ಮುಖ್ಯವಾಗಿ ದೇಶಗಳ, ಪ್ರಾಂತ್ಯಗಳ, ಪುರಸಭೆಗಳ ಕೈಯಲ್ಲಿವೆ. ಬ್ರಸೆಲ್ಸ್ ಕೈಯಲ್ಲಿರೋದು ನಿಯಮ, ಅನುದಾನ, ಡೇಟಾ. ಅನುದಾನದ ಮೂಲಕ ಅದು ಸ್ವಲ್ಪ ಬಿಗಿ ಹಿಡಿಯುತ್ತದೆ. 2021ರಿಂದ 2027ರ ಅವಧಿಯಲ್ಲಿ ಒಕ್ಕೂಟದ ಹಣದಲ್ಲಿ ಕಟ್ಟುವ ಮೂಲಸೌಕರ್ಯ ಮುಂದಿನ ದಶಕಗಳ ಹವಾಮಾನವನ್ನು ತಾಳುತ್ತದೆಯೇ ಅಂತ ಪರಿಶೀಲಿಸಲು ಆಯೋಗ ಮಾರ್ಗಸೂಚಿ ಹೊರಡಿಸಿದೆ. ಸೇತುವೆ, ಕಟ್ಟಡಗಳ ವಿನ್ಯಾಸಕ್ಕೆ ಯುರೋಪಿನವರು ಬಳಸುವ ಯೂರೋಕೋಡ್‌ಗಳ ಪರಿಷ್ಕರಣೆಯಲ್ಲೂ ಹವಾಮಾನ ಬದಲಾವಣೆಯ ಚರ್ಚೆ ಸೇರಿಕೊಂಡಿದೆ.

ನೂರು ವರ್ಷದ ಮಳೆ ನೂರು ವರ್ಷಕ್ಕೊಮ್ಮೆ ಬರುತ್ತಾ?

ಇಲ್ಲಿ ಸ್ವಲ್ಪ ಹೈಡ್ರಾಲಜಿ ಕ್ಲಾಸು. ನೂರು ವರ್ಷದ ಪ್ರವಾಹ ಅಂದರೆ ನೂರು ವರ್ಷಕ್ಕೊಮ್ಮೆ ಕ್ಯಾಲೆಂಡರ್ ನೋಡಿಕೊಂಡು ಬರುವ ಪ್ರವಾಹ ಅಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವ 1% ಅಂತ ಅರ್ಥ. ಒಬ್ಬರು 30 ವರ್ಷದ ಸಾಲ ಮಾಡಿ ಮನೆ ಕಟ್ಟಿದರು ಅಂದುಕೊಳ್ಳಿ. ಸಾಲ ತೀರುವಷ್ಟರಲ್ಲಿ ಅಂಥ ಪ್ರವಾಹವನ್ನು ಒಮ್ಮೆಯಾದರೂ ನೋಡುವ ಸಂಭವ 1 ಕಳೆ 0.99ರ 30ನೇ ಘಾತ, ಅಂದರೆ ಸುಮಾರು 26%. ಈಗ ಹವಾಮಾನ ಬದಲಾಗಿ ಅದೇ ಪ್ರವಾಹ 40 ವರ್ಷದ ಪ್ರವಾಹ ಆಗಿಬಿಟ್ಟರೆ? ಸಂಭವ 53%ಕ್ಕೆ ಏರುತ್ತದೆ. ಮನೆ ಅದೇ, ನದಿ ಅದೇ, ಒಡ್ಡು ಅದೇ. ಆದರೆ ಡಿಸೈನ್ ಮಾಡುವಾಗ ಹಿಡಿದ ಸಂಖ್ಯೆ ಸುಳ್ಳಾಯಿತು.

ನಾವು ಪುಸ್ತಕದಲ್ಲಿ ಓದುವ ಎಷ್ಟೋ ಸೂತ್ರಗಳ ಹಿಂದೆ ‘ಹಿಂದೆ ಆದದ್ದೇ ಮುಂದೆಯೂ ಅದೇ ಪ್ರಮಾಣದಲ್ಲಿ ಆಗುತ್ತೆ’ ಅನ್ನೋ ನಂಬಿಕೆ ಇದೆ. ಆ ನಂಬಿಕೆ ಈಗ ಅಲುಗಾಡುತ್ತಿದೆ.

ಹಿಂದಿನದ್ದನ್ನೂ ಸರಿಯಾಗಿ ನೋಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಜರ್ಮನಿಯ ಆರ್ ಕಣಿವೆ ಸಾಕ್ಷಿ. ಅಲ್ಲಿನ ಅಪಾಯದ ನಕ್ಷೆಗಳಿಗೆ ಆಧಾರ 1940ರ ದಶಕದಿಂದೀಚೆಗೆ ಮಾಪನ ಕೇಂದ್ರದಲ್ಲಿ ಅಳೆದ ನೀರಿನ ಮಟ್ಟ. 1804ರಲ್ಲಿ, 1910ರಲ್ಲಿ ಅದೇ ಕಣಿವೆಯಲ್ಲಿ ಭಾರೀ ಪ್ರವಾಹ ಬಂದು ಜನ ಸತ್ತಿದ್ದರು. ಆದರೆ ಮೀಟರಿನಲ್ಲಿ ಅಳೆದ ದಾಖಲೆ ಅಲ್ಲವಲ್ಲ ಅಂತ ಅವು ಲೆಕ್ಕಕ್ಕೆ ಬರಲಿಲ್ಲ. 2021ರ ಜುಲೈ 14ರ ರಾತ್ರಿ ನೀರು ನಕ್ಷೆಯ ಗೆರೆಗಳನ್ನು ದಾಟಿ ಬಂತು. ಆ ಒಂದು ಕಣಿವೆಯಲ್ಲೇ 130ಕ್ಕೂ ಹೆಚ್ಚು ಜನ, ಇಡೀ ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ, ಪಕ್ಕದ ಬೆಲ್ಜಿಯಂನಲ್ಲಿ ಸುಮಾರು 40 ಜನ ಸತ್ತರು.

ಅದೇ ದಿನಗಳ ಅದೇ ಮಳೆಗೆ ನೆದರ್ಲೆಂಡ್ಸಿನ ದಕ್ಷಿಣ ಭಾಗದಲ್ಲೂ ಮ್ಯೂಸ್ ನದಿ ಉಕ್ಕಿತು, ಆಸ್ತಿ ಹಾಳಾಯಿತು. ಆದರೆ ಅಲ್ಲಿ ಪ್ರವಾಹಕ್ಕೆ ಯಾರೂ ಬಲಿಯಾಗಲಿಲ್ಲ. ಎರಡನ್ನೂ ನೇರವಾಗಿ ಹೋಲಿಸಬಾರದು, ಆರ್ ಕಡಿದಾದ ಕಣಿವೆ, ನೀರು ನುಗ್ಗಿ ಬರುವ ವೇಗವೇ ಬೇರೆ. ಆದರೂ ಡಚ್ಚರು ಏನು ಮಾಡಿಕೊಂಡಿದ್ದರು ಅಂತ ನೋಡಲೇಬೇಕು.

ತಮ್ಮದೇ ಸಂಖ್ಯೆ ಕಂಡುಕೊಂಡವರು

1953ರ ಫೆಬ್ರವರಿ 1ರ ಸಮುದ್ರ ಪ್ರವಾಹದಲ್ಲಿ ನೆದರ್ಲೆಂಡ್ಸಿನ 1,836 ಜನ ಸತ್ತರು. ಆಮೇಲೆ ಡೆಲ್ಟಾ ವರ್ಕ್ಸ್ ಅನ್ನೋ ದೈತ್ಯ ಒಡ್ಡು-ಬಾಗಿಲುಗಳ ಸರಣಿ ಕಟ್ಟಿದರು. 1995ರಲ್ಲಿ ಈ ಸಲ ನದಿಗಳ ಕಡೆಯಿಂದ ಅಪಾಯ ಬಂದು, ಸುಮಾರು 2,50,000 ಜನರನ್ನು ಸ್ಥಳಾಂತರಿಸಬೇಕಾಯಿತು. ಒಡ್ಡನ್ನು ಇನ್ನೂ ಎತ್ತರಿಸುತ್ತಾ ಹೋಗೋದಾ? ಡಚ್ಚರು ತಲೆಕೆಳಗಾಗಿ ಯೋಚಿಸಿದರು. ನದಿಗೇ ಜಾಗ ಬಿಟ್ಟುಕೊಡೋಣ ಅಂದರು. ‘ರೂಮ್ ಫಾರ್ ದಿ ರಿವರ್’ ಯೋಜನೆಯಲ್ಲಿ 30ಕ್ಕೂ ಹೆಚ್ಚು ಕಡೆ ಒಡ್ಡುಗಳನ್ನು ಹಿಂದಕ್ಕೆ ಸರಿಸಿದರು, ಪಕ್ಕದ ಕಾಲುವೆ ತೋಡಿದರು, ಪ್ರವಾಹದ ಬಯಲನ್ನು ಆಳ ಮಾಡಿದರು. ರೈನ್ ನದಿ ಸುರಕ್ಷಿತವಾಗಿ ಸಾಗಿಸಬೇಕಾದ ನೀರಿನ ಪ್ರಮಾಣವನ್ನು ಸೆಕೆಂಡಿಗೆ 15,000 ಘನಮೀಟರಿನಿಂದ 16,000ಕ್ಕೆ ಏರಿಸಬೇಕು ಅನ್ನೋದು ಗುರಿ.

ಇದೇನು ಸಲೀಸಾಗಿ ಆದದ್ದಲ್ಲ. ನೈಮೇಖನ್ ನಗರದ ಎದುರು ದಡದಲ್ಲಿ ಒಡ್ಡನ್ನು 350 ಮೀಟರ್ ಒಳಕ್ಕೆ ಸರಿಸಲು ಸುಮಾರು 50 ಮನೆಗಳನ್ನು ತೆಗೆಯಬೇಕಾಯಿತು. ಫಲವಾಗಿ ಪ್ರವಾಹ ಕಾಲದ ನೀರಿನ ಮಟ್ಟ ಅಲ್ಲಿ ಸುಮಾರು 35 ಸೆಂ.ಮೀ. ಇಳಿಯುತ್ತದೆ. 35 ಸೆಂ.ಮೀ.ಗೆ 50 ಮನೆ. ಇಂಥ ವಿನಿಮಯಕ್ಕೆ ಒಪ್ಪಿಸುವುದೇ ಹೊಂದಾಣಿಕೆ ನೀತಿಯ ಅತಿ ಕಷ್ಟದ ಭಾಗ. ಓವರ್‌ಡೀಪ್ ಅನ್ನೋ ಕಡೆ ರೈತರೇ ಮುಂದೆ ಬಂದು ದಾರಿ ಸೂಚಿಸಿದರು. ಕೆಲವರು ಬೇರೆ ಕಡೆ ಹೋದರು, ಉಳಿದವರಿಗೆ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ಮನೆ, ಕೊಟ್ಟಿಗೆ ಕಟ್ಟಿಕೊಟ್ಟರು. ಭಾರೀ ಪ್ರವಾಹ ಬಂದರೆ ಹೊಲ ಮುಳುಗುತ್ತೆ, ಮನೆ ಉಳಿಯುತ್ತೆ.

2017ರಿಂದ ಡಚ್ ಕಾನೂನಿನಲ್ಲಿ ಒಂದು ಸಂಖ್ಯೆ ಇದೆ: 2050ರ ಹೊತ್ತಿಗೆ ಒಡ್ಡುಗಳ ಹಿಂದೆ ಬದುಕುವ ಯಾರೇ ಆಗಲಿ, ಪ್ರವಾಹದಿಂದ ಸಾಯುವ ಸಂಭವ ವರ್ಷಕ್ಕೆ 1,00,000ದಲ್ಲಿ ಒಂದಕ್ಕಿಂತ ಹೆಚ್ಚಿರಬಾರದು. ಇದರ ಹಿಂದೆ ಡೆಲ್ಟಾ ಫಂಡ್ ಅನ್ನೋ ಮೀಸಲು ಹಣ ಇದೆ, ವರ್ಷವರ್ಷ ಕಾರ್ಯಕ್ರಮ ಮುಂದಿಡಬೇಕಾದ ಡೆಲ್ಟಾ ಕಮಿಷನರ್ ಇದ್ದಾರೆ. ಅಂದರೆ ಸಂಖ್ಯೆ, ದುಡ್ಡು, ಜವಾಬ್ದಾರಿ ಹೊತ್ತ ವ್ಯಕ್ತಿ, ಮೂರೂ ಇವೆ.

ಕೋಪನ್‌ಹೇಗನ್ನಿನ ಕಥೆಯೂ ಇದೇ ದಾರಿಯದ್ದು. 2011ರ ಜುಲೈ 2ರಂದು ಅಲ್ಲಿ ಎರಡು ಗಂಟೆಗಳಲ್ಲಿ ಕೆಲವೆಡೆ 130 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ರಸ್ತೆ, ನೆಲಮಾಳಿಗೆ ಎಲ್ಲ ನೀರು. ಮರುವರ್ಷವೇ ನಗರ ಮೇಘಸ್ಫೋಟ ನಿರ್ವಹಣಾ ಯೋಜನೆ ಮಾಡಿತು. ಗುರಿ ಒಂದು ಸಾಲಿನದ್ದು: ನೂರು ವರ್ಷದ ಮಳೆ ಬಂದರೂ ಬೀದಿಯಲ್ಲಿ ನೀರು 10 ಸೆಂ.ಮೀ. ಮೀರಬಾರದು. ಅದಕ್ಕಾಗಿ ಸುಮಾರು 300 ಕಾಮಗಾರಿಗಳು. ಎಲ್ಲ ನೀರನ್ನೂ ಪೈಪಿಗೆ ತುರುಕುವ ಬದಲು ಕೆಲವು ರಸ್ತೆಗಳನ್ನೇ ಮಳೆಗಾಲುವೆಯಂತೆ ಇಳಿಜಾರು ಮಾಡಿದರು, ಪಾರ್ಕುಗಳನ್ನು ತಗ್ಗಿಸಿದರು. ಎಂಗ್‌ಹೇವ್ ಪಾರ್ಕ್ ಮಾಮೂಲಿ ದಿನ ಮಕ್ಕಳು ಆಡುವ ಜಾಗ, ಭಾರೀ ಮಳೆಗೆ 22,600 ಘನಮೀಟರ್ ನೀರು ಹಿಡಿಯುವ ಕೆರೆ. ಖರ್ಚಿನ ದೊಡ್ಡ ಪಾಲು ನಾಗರಿಕರ ನೀರಿನ ಬಿಲ್ಲಿನಿಂದ ಬರುತ್ತದೆ. ಯಾರು ಕೊಡಬೇಕು ಅನ್ನೋದೂ ಮೊದಲೇ ತೀರ್ಮಾನವಾಗಿತ್ತು.

ಕೊನೆಯ ಮನೆಯ ಬಾಗಿಲು

ಈಗ ಮತ್ತೆ ವೆಲೆನ್ಸಿಯಾಕ್ಕೆ ಬರೋಣ. 1957ರಲ್ಲಿ ತೂರಿಯಾ ನದಿ ಆ ನಗರವನ್ನು ಮುಳುಗಿಸಿತ್ತು. ಆಮೇಲೆ ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಿದರು, ಹಳೇ ಪಾತ್ರ ಇವತ್ತು ಉದ್ಯಾನ. 2024ರಲ್ಲಿ ಆ ಹೊಸ ಕಾಲುವೆ ತನ್ನ ಕೆಲಸ ಮಾಡಿತು, ನಗರದ ಒಳಭಾಗ ಉಳಿಯಿತು. ಮುಳುಗಿದ್ದು ಕಾಲುವೆಯ ಆಚೆಗಿನ ಪೈಪೋರ್ತಾದಂಥ ಊರುಗಳು, ಅದೂ ಪೋಯೊ ಅನ್ನೋ, ವರ್ಷದ ಬಹುಕಾಲ ಒಣಗಿಯೇ ಇರುವ ಹಳ್ಳದಿಂದ. ಕಾಲುವೆಯ ಡಿಸೈನ್ ತಪ್ಪಿರಲಿಲ್ಲ. ಆದರೆ ಆ ಊರುಗಳಿಗೆ ಅಂಥ ಕಾಲುವೆ ಇರಲಿಲ್ಲ, ಉಳಿದಿದ್ದ ಒಂದೇ ರಕ್ಷಣೆ ಸಮಯಕ್ಕೆ ಸರಿಯಾದ ಎಚ್ಚರಿಕೆ. ಅದು ತಡವಾಯಿತು.

ಆರ್ ಕಣಿವೆಯಲ್ಲೂ ಹೀಗೆಯೇ. ಒಕ್ಕೂಟದ ಪ್ರವಾಹ ಮುನ್ಸೂಚನಾ ವ್ಯವಸ್ಥೆ ಆ ಪ್ರದೇಶದ ನದಿಗಳ ಬಗ್ಗೆ ಕೆಲವು ದಿನ ಮೊದಲೇ ಎಚ್ಚರಿಸಲು ಶುರು ಮಾಡಿತ್ತು. ಅದು ಹೋಗೋದು ರಾಷ್ಟ್ರೀಯ ಸಂಸ್ಥೆಗಳಿಗೆ. ಅಲ್ಲಿಂದ ರಾಜ್ಯ, ಜಿಲ್ಲೆ, ಊರು, ಬೀದಿ ದಾಟಿ ಮಲಗಿರುವವರ ಕಿವಿಗೆ ಮುಟ್ಟಬೇಕು. ಆಗ ಜರ್ಮನಿಯಲ್ಲಿ ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಒಟ್ಟಿಗೆ ಸಂದೇಶ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ಇರಲಿಲ್ಲ. ಅದು ಬಂದದ್ದು 2023ರ ಫೆಬ್ರವರಿಯಲ್ಲಿ. ಸ್ಪೇನ್‌ನಲ್ಲಿ ಅಂಥ ವ್ಯವಸ್ಥೆ ಇತ್ತು, ಗುಂಡಿ ಒತ್ತೋದು ತಡವಾಯಿತು. ತಂತ್ರಜ್ಞಾನ ಇಲ್ಲದ್ದು ಒಂದು ಸಮಸ್ಯೆ, ಇದ್ದೂ ಬಳಸೋ ಹೊತ್ತು ಯಾರು ನಿರ್ಧರಿಸಬೇಕು ಅನ್ನೋದು ಬೇರೆಯೇ ಸಮಸ್ಯೆ.

ಕೊನೆಯ ಮನೆವರೆಗೂ ತಲುಪೋದು ಸಾಧ್ಯ ಅನ್ನೋದಕ್ಕೆ ಫ್ರಾನ್ಸ್ ಇದೆ. 2003ರ ಪೆಟ್ಟಿನ ಮರುವರ್ಷವೇ ಅವರು ಬಿಸಿಗಾಳಿ ಯೋಜನೆ ತಂದರು. ತಾಪ ಏರಿದ ಹಾಗೆ ನಾಲ್ಕು ಹಂತದ ಎಚ್ಚರಿಕೆ, ವೃದ್ಧಾಶ್ರಮಗಳಲ್ಲಿ ಒಂದಾದರೂ ತಂಪು ಕೋಣೆ. ಇದಕ್ಕಿಂತ ಮುಖ್ಯವಾದದ್ದು ಊರಿನ ಆಡಳಿತದ ಬಳಿ ಇರುವ ಒಂದು ಪಟ್ಟಿ. ಒಂಟಿಯಾಗಿರುವ ವಯಸ್ಸಾದವರು, ಅಂಗವಿಕಲರು ತಮ್ಮ ಹೆಸರು ಬರೆಸಿಕೊಳ್ಳಬಹುದು. ಬಿಸಿ ಏರಿದಾಗ ಆಡಳಿತದವರು ಅವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. 2019ರಲ್ಲಿ ಫ್ರಾನ್ಸ್‌ನಲ್ಲಿ ತಾಪಮಾನ 46 ಡಿಗ್ರಿ ಮುಟ್ಟಿ 2003ರ ದಾಖಲೆಯನ್ನೂ ಮುರಿಯಿತು. ಆ ಬೇಸಿಗೆಯ ಬಿಸಿಗಾಳಿಗಳಲ್ಲಿ ಸತ್ತವರು ಸುಮಾರು 1,500. ಅದೂ ಕಡಿಮೆಯಲ್ಲ, ಆದರೆ 15,000 ಅಲ್ಲ. ಎರಡು ವರ್ಷಗಳ ಬಿಸಿ ಒಂದೇ ಥರ ಇರಲಿಲ್ಲ, ಹಾಗಾಗಿ ವ್ಯತ್ಯಾಸವೆಲ್ಲ ಯೋಜನೆಯದ್ದೇ ಅನ್ನಲಾಗದು. ಆದರೂ ಒಂದು ಪಟ್ಟಿ, ಒಂದು ಫೋನು, ಫೋನ್ ಮಾಡುವ ಒಬ್ಬ ಮನುಷ್ಯ ಇವೂ ಮೂಲಸೌಕರ್ಯವೇ ಅಂತ ನಮಗೆ ಅನ್ನಿಸಿತು.

ಈಗ ಎಲ್ಲಿದೆ ಕೆಲಸ?

2024ರ ಮಾರ್ಚಿನಲ್ಲಿ ಐರೋಪ್ಯ ಪರಿಸರ ಸಂಸ್ಥೆ ಇಡೀ ಖಂಡದ ಹವಾಮಾನ ಅಪಾಯಗಳ ಮೊದಲ ಸಮಗ್ರ ಅಂದಾಜು ಪ್ರಕಟಿಸಿತು. ಯುರೋಪ್ ಅತಿ ವೇಗವಾಗಿ ಬಿಸಿಯಾಗುತ್ತಿರುವ ಖಂಡ, 1980ರ ದಶಕದಿಂದ ಜಾಗತಿಕ ಸರಾಸರಿಯ ಸುಮಾರು ಎರಡು ಪಟ್ಟು ವೇಗ. ಗುರುತಿಸಿದ 36 ದೊಡ್ಡ ಅಪಾಯಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಿಗೆ ಈಗಲೇ ಹೆಚ್ಚಿನ ಕ್ರಮ ಬೇಕು, ಎಂಟು ತುರ್ತು. ನಷ್ಟದ ಲೆಕ್ಕವೂ ಆ ಸಂಸ್ಥೆಯ ಬಳಿ ಇದೆ: 1980ರಿಂದ 2023ರವರೆಗೆ ಒಕ್ಕೂಟದ ದೇಶಗಳಲ್ಲಿ ಹವಾಮಾನ ವಿಕೋಪಗಳಿಂದ ಸುಮಾರು 73,800 ಕೋಟಿ ಯೂರೊ. ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಕೊನೆಯ ಮೂರೇ ವರ್ಷಗಳದ್ದು.

ಅದೇ ವರ್ಷ ಅಕ್ಟೋಬರಿನಲ್ಲಿ, ವೆಲೆನ್ಸಿಯಾ ಪ್ರವಾಹಕ್ಕೆ ಕೆಲವೇ ದಿನ ಮುಂಚೆ, ಒಕ್ಕೂಟದ ಲೆಕ್ಕಪರಿಶೋಧನಾ ಸಂಸ್ಥೆ (ನಮ್ಮಲ್ಲಿ ಸಿಎಜಿ ಇದ್ದ ಹಾಗೆ) ಹೊಂದಾಣಿಕೆ ಕೆಲಸವನ್ನು ತಪಾಸಣೆ ಮಾಡಿ ವರದಿ ಕೊಟ್ಟಿತು. ಚೌಕಟ್ಟು ಚೆನ್ನಾಗಿದೆ, ನೆಲದ ಮೇಲಿನ ಕೆಲಸ ಅದಕ್ಕೆ ಸಮನಾಗಿಲ್ಲ ಅನ್ನೋದು ಅದರ ಸಾರ. ನಾಲ್ಕು ದೇಶಗಳ ಸುಮಾರು 400 ಪುರಸಭೆಗಳನ್ನು ಕೇಳಿದರೆ, ಹೆಚ್ಚಿನವರಿಗೆ ಹೊಂದಾಣಿಕೆ ಯೋಜನೆಗಳ ಬಗ್ಗೆಯೇ ಗೊತ್ತಿರಲಿಲ್ಲ, ಕ್ಲೈಮೇಟ್-ಅಡಾಪ್ಟ್ ವೇದಿಕೆಯನ್ನು ಬಳಸಿಯೂ ಇರಲಿಲ್ಲ. ಚರಂಡಿ, ಪಾರ್ಕು, ಕಟ್ಟಡ ಪರವಾನಗಿ ನೋಡಿಕೊಳ್ಳೋದು ಇದೇ ಪುರಸಭೆಗಳು. ಬ್ರಸೆಲ್ಸಿನಲ್ಲಿ ಬರೆದ ಕಾಗದ ಅಲ್ಲಿಗೆ ಮುಟ್ಟದೇ ಇದ್ದರೆ ಏನು ಪ್ರಯೋಜನ? ಹೊಸದೊಂದು ಐರೋಪ್ಯ ಹೊಂದಾಣಿಕೆ ಯೋಜನೆ ತರುವುದಾಗಿ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯನ್ 2024ರಲ್ಲಿ ಹೇಳಿದ್ದಾರೆ. ಅದನ್ನು ಓದುವಾಗ ನಾವು ನೋಡಬೇಕಾದ್ದು ಡಚ್ಚರ ಬಳಿ ಕಂಡ ಆ ಮೂರನ್ನು: ಗುರಿಯ ಸಂಖ್ಯೆ ಇದೆಯಾ, ಅದಕ್ಕೆ ದುಡ್ಡು ಮೀಸಲಿದೆಯಾ, ತಪ್ಪಿದರೆ ಯಾರನ್ನು ಕೇಳಬೇಕು ಅಂತ ಬರೆದಿದೆಯಾ.

ನಮ್ಮಲ್ಲಿ ಸಿವಿಲ್ ಓದುವವರು ನಾಳೆ ಒಂದು ಮೋರಿಯ ಅಗಲವನ್ನೋ ಸೇತುವೆಯ ಎತ್ತರವನ್ನೋ ತೀರ್ಮಾನಿಸುತ್ತೀರಿ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರು ಎಚ್ಚರಿಕೆ ವ್ಯವಸ್ಥೆಗಳ ಕೋಡ್ ಬರೆಯುತ್ತೀರಿ. ಮೇಜಿನ ಮೇಲಿರುವ ಮಳೆಯ ಡೇಟಾ ಎಷ್ಟು ವರ್ಷದ್ದು, ಅದಕ್ಕೂ ಹಿಂದೆ ಆ ಊರಲ್ಲಿ ಏನಾಗಿತ್ತು, ನೀವು ಕಳಿಸುವ ಸಂದೇಶ ಕೊನೆಗೆ ಯಾರ ಕೈ ಸೇರುತ್ತೆ ಅಂತ ಒಮ್ಮೆ ಕೇಳಿ. ಆರ್ ಕಣಿವೆಯಲ್ಲಿ 1804ರ ಪ್ರವಾಹ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ, ಅದು ಲೆಕ್ಕದ ಹಾಳೆಗೆ ಬಂದಿರಲಿಲ್ಲ ಅಷ್ಟೇ.